ನೂರಕ್ಕೆ ನೂರರ ಹಿಂದಿನ ಲೆಕ್ಕ

ಎಸ್ಸೆಸ್ಸೆಲ್ಸಿ ಫಲಿತಾಂಶ ಬಂದರೆ ಸಾಕು, ಬೆಂಗಳೂರಿನ ಹೊರವಲಯದ ರಸ್ತೆಗಳಲ್ಲಿ ಖಾಸಗಿ ಶಾಲೆಗಳ ‘ಶೇ 100 ಫಲಿತಾಂಶ’ದ ಫ್ಲೆಕ್ಸ್‌ಗಳು ಏಳುತ್ತವೆ. ಪಕ್ಕದ ಸರ್ಕಾರಿ ಪ್ರೌಢಶಾಲೆಯದ್ದು ಅದಕ್ಕಿಂತ ಕಡಿಮೆಯಿದ್ದರೆ, ‘ಅಲ್ಲಿ ಪಾಠವೇ ಮಾಡಲ್ಲ’ ಎಂಬ ತೀರ್ಪು ಸಿದ್ಧ.

ಆದರೆ ಅಲ್ಲಿ ಓದುವವರು ಯಾರು? ನಾನೂ ಅಂಥ ಶಾಲೆಯಲ್ಲೇ ಓದಿದವನು. ಪೀಣ್ಯ, ಬೊಮ್ಮಸಂದ್ರದಂಥ ಕಡೆ ದುಡಿಮೆ ಹುಡುಕಿ ಯಾದಗಿರಿ, ರಾಯಚೂರಿನಿಂದ ಬರುವವರ ಮಕ್ಕಳು ವರ್ಷದ ನಡುವೆ ಸೇರುತ್ತಾರೆ. ಆರ್‌ಟಿಇ ಸೀಟಿನ ಉಚಿತ ಶಿಕ್ಷಣ 8ನೇ ತರಗತಿವರೆಗೆ ಮಾತ್ರ. ಮುಂದೆ ಶುಲ್ಕ ಕಟ್ಟಲಾಗದವರಿಗೂ ಇದೇ ಗತಿ. ‘ಫಲಿತಾಂಶ ಕೆಡಿಸುತ್ತಾರೆ’ ಎಂದು ಕೆಲವು ಖಾಸಗಿ ಶಾಲೆಗಳು 9ನೇ ತರಗತಿಯಲ್ಲೇ ಟಿ.ಸಿ. ಕೊಟ್ಟು ಕಳುಹಿಸಿದವರಿಗೂ ಬಾಗಿಲು ತೆರೆಯುವುದು ಇಲ್ಲೇ.

ಶೇಕಡಾ ಅಂಕಿಯೊಂದನ್ನೇ ನಂಬುವಂತಿಲ್ಲ. 2024ರಲ್ಲಿ ವೆಬ್‌ಕಾಸ್ಟಿಂಗ್ ಕಣ್ಗಾವಲಿನಲ್ಲಿ ಪರೀಕ್ಷೆ ನಡೆದಾಗ, ಹೆಚ್ಚುವರಿ ಕೃಪಾಂಕ ಕೊಟ್ಟರೂ ರಾಜ್ಯದ ಫಲಿತಾಂಶ ಹಿಂದಿನ ವರ್ಷದ ಶೇ 83.89ರಿಂದ ಶೇ 73.40ಕ್ಕೆ ಕುಸಿಯಿತು. ಒಂದೇ ವರ್ಷದಲ್ಲಿ ಮಕ್ಕಳು ಅಷ್ಟು ದಡ್ಡರಾದರೇ?

ಭಿನ್ನರಾಶಿಯಲ್ಲಿ ಅಂಶದಷ್ಟೇ ಛೇದವೂ ಮುಖ್ಯ. 8ಕ್ಕೆ ಸೇರಿದವರೆಷ್ಟು, ಅವರಲ್ಲಿ 10 ಪಾಸಾದವರೆಷ್ಟು, ನಡುವೆ ಬಿಟ್ಟುಹೋದವರೆಷ್ಟು, ಹೊಸದಾಗಿ ಬಂದವರೆಷ್ಟು ಎಂಬುದನ್ನು ಪ್ರತಿ ಶಾಲೆಯೂ ಬೋರ್ಡಿನಲ್ಲಿ ಬರೆಯಲಿ. ಹಾಗೆಂದು ಗಣಿತ, ವಿಜ್ಞಾನ ಶಿಕ್ಷಕರ ಹುದ್ದೆ ಖಾಲಿ ಬಿಡಲು ಸರ್ಕಾರಕ್ಕೆ ಇದು ನೆಪವಾಗಬಾರದು. ಯಾರನ್ನೂ ಹೊರಹಾಕದ ಶಾಲೆಗೇ ಒಳ್ಳೆಯ ಮೇಷ್ಟ್ರುಗಳು ಹೆಚ್ಚು ಬೇಕು.

ಗೆಳೆಯರೇ, ತಮ್ಮನನ್ನೋ ತಂಗಿಯನ್ನೋ ಶಾಲೆಗೆ ಸೇರಿಸುವಾಗ ಫ್ಲೆಕ್ಸ್ ನೋಡಿ ಮರುಳಾಗಬೇಡಿ. ‘ನೂರಕ್ಕೆ ನೂರು ಸರಿ, ಆ ನೂರರಲ್ಲಿ ಸೇರದವರು ಎಲ್ಲಿ ಹೋದರು?’ ಎಂದು ಒಮ್ಮೆ ಕೇಳಿ.