ದೇವರ ಹಾಡು, ಪ್ರಿಯತಮೆಯ ಹಾಡು

ಅಮೆರಿಕದ ಕಪ್ಪು ಜನರ ಚರ್ಚುಗಳಲ್ಲಿ ಒಬ್ಬರು ಎತ್ತಿ ಹಾಡಿದ ಸಾಲಿಗೆ ಸಭೆಯೆಲ್ಲ ದನಿಗೂಡಿಸಿ ಮಾರುತ್ತರ ಕೊಡುತ್ತದೆ, ಚಪ್ಪಾಳೆ ತಾಳ ಹಿಡಿಯುತ್ತದೆ, ಆವೇಶ ಏರಿದಾಗ ಗಾಯಕ ಮಾತು ಬಿಟ್ಟು ಬರೀ ಕೂಗಿಗೆ ಇಳಿಯುತ್ತಾನೆ. ಗಾಸ್ಪೆಲ್ ಎಂಬ ಈ ಗಾಯನವೇ ಪಾಪ್ ಸಂಗೀತಕ್ಕೆ ಧರ್ಮ ಕೊಟ್ಟ ದೊಡ್ಡ ಬಳುವಳಿ. ಗಾಸ್ಪೆಲ್‌ನ ಪಿತಾಮಹ ಎನಿಸಿಕೊಂಡ ಥಾಮಸ್ ಡಾರ್ಸಿ ಅದಕ್ಕೂ ಮುಂಚೆ ‘ಜಾರ್ಜಿಯಾ ಟಾಮ್’ ಎಂಬ ಹೆಸರಿನಲ್ಲಿ ಪೋಲಿ ಬ್ಲೂಸ್ ಹಾಡುಗಳಿಗೆ ಪಿಯಾನೊ ನುಡಿಸುತ್ತಿದ್ದವನು. ಚರ್ಚಿಗೂ ಹೆಂಡದಂಗಡಿಗೂ ನಡುವಿನ ಬಾಗಿಲಿಗೆ ಅಗುಳಿ ಎಂದೂ ಭದ್ರವಾಗಿರಲಿಲ್ಲ.

1954ರಲ್ಲಿ ರೇ ಚಾರ್ಲ್ಸ್ ಆ ಬಾಗಿಲನ್ನು ಹಾರುಹೊಡೆದ. ‘ಸದರ್ನ್ ಟೋನ್ಸ್’ ತಂಡ ಹಾಡಿದ ಯೇಸುವಿನ ಭಜನೆಯೊಂದರ ಧಾಟಿಯನ್ನೇ ಇಟ್ಟುಕೊಂಡು ‘ಐ ಗಾಟ್ ಎ ವುಮನ್’ ಕಟ್ಟಿದ. ದೇವರಿದ್ದ ಜಾಗಕ್ಕೆ ಹೆಣ್ಣು ಬಂದಳು. ಹಾಡು ಜನಪ್ರಿಯವಾಯಿತು, ಸೋಲ್ ಎಂಬ ಪ್ರಕಾರ ರೂಪುಗೊಂಡಿತು, ಧರ್ಮನಿಷ್ಠರಿಗೆ ಸಿಟ್ಟೂ ಬಂತು. ಗಾಸ್ಪೆಲ್ ತಾರೆ ಸ್ಯಾಮ್ ಕುಕ್ ತನ್ನ ಮೊದಲ ಪ್ರೇಮಗೀತೆಯನ್ನು ‘ಡೇಲ್ ಕುಕ್’ ಎಂಬ ಹೆಸರಿನಲ್ಲಿ ಹೊರತರಬೇಕಾಯಿತು. ಅಷ್ಟು ಪರಿಚಿತ ದನಿಯನ್ನು ಹೆಸರು ಬದಲಿಸಿ ಮರೆಮಾಚುವುದು ಆಗದ ಮಾತು. ಚನ್ನಮಲ್ಲಿಕಾರ್ಜುನನನ್ನೇ ಗಂಡನೆಂದ ಅಕ್ಕನ ವಚನಗಳನ್ನು, ಶರಣಸತಿ–ಲಿಂಗಪತಿ ಭಾವವನ್ನು ಬಲ್ಲ ಕನ್ನಡಿಗರಿಗೆ ಈ ರಂಪ ತುಸು ವಿಚಿತ್ರವೆನಿಸಬಹುದು. ಆದರೆ ಇಲ್ಲಿ ನಲ್ಲನ ಮಾತು ದೇವರತ್ತ ಹೋಗಿತ್ತು. ಅಲ್ಲಿ ದೇವರ ಮಾತು ನಲ್ಲೆಯತ್ತ ಬಂದಿತ್ತು.

ರಾಕ್ ಸಂಗೀತದಲ್ಲಿ ಇದರ ತಿರುವುಮುರುವೂ ನಡೆಯಿತು. ಬೀಟಲ್ಸ್ ತಂಡದ ಜಾರ್ಜ್ ಹ್ಯಾರಿಸನ್ 1970ರಲ್ಲಿ ‘ಮೈ ಸ್ವೀಟ್ ಲಾರ್ಡ್’ ಹಾಡಿದ. ಹಿಮ್ಮೇಳ ಮೊದಲು ‘ಹಲ್ಲೆಲೂಯ’ ಎನ್ನುತ್ತದೆ, ನೋಡನೋಡುತ್ತ ‘ಹರೇ ಕೃಷ್ಣ’ಕ್ಕೆ ಹೊರಳುತ್ತದೆ, ಕೊನೆಗೆ ನಮ್ಮ ಶಾಲೆಯ ಮಕ್ಕಳಿಗೂ ಬಾಯಿಪಾಠವಾದ ಗುರುಬ್ರಹ್ಮ ಶ್ಲೋಕವೂ ಕೇಳಿಸುತ್ತದೆ. ಕೇಳುಗರು ತಮಗರಿವಿಲ್ಲದೆಯೇ ಕೃಷ್ಣನ ಹೆಸರು ಹಾಡಲಿ ಎಂಬುದು ಹ್ಯಾರಿಸನ್‌ನ ಉಪಾಯ. ಆತನಿಗೂ ಅರಿವಿಲ್ಲದೆ ಇನ್ನೊಂದು ಸಂಗತಿ ನಡೆದುಹೋಗಿತ್ತು. ಹಾಡಿನ ಧಾಟಿ ‘ಶಿಫಾನ್ಸ್’ ಎಂಬ ಹುಡುಗಿಯರ ತಂಡ ಹಾಡಿ 1963ರಲ್ಲಿ ಜನಪ್ರಿಯವಾಗಿದ್ದ ಒಂದು ಪ್ರೇಮಗೀತೆಯದು; ಅದು ಸುಪ್ತಮನಸ್ಸಿನಿಂದಾದ ನಕಲು ಎಂದು 1976ರಲ್ಲಿ ಅಮೆರಿಕದ ನ್ಯಾಯಾಲಯ ತೀರ್ಪು ಕೊಟ್ಟಿತು. ಹುಡುಗನೊಬ್ಬನನ್ನು ಮೆಚ್ಚಿ ಹಾಡಿದ ಧಾಟಿ ಭಗವಂತನ ಮುಡಿಗೇರಿತ್ತು.

ಜಮೈಕಾದ ರೆಗೆಯಲ್ಲಿ ಧರ್ಮ ಧಾಟಿಗಷ್ಟೇ ನಿಲ್ಲುವುದಿಲ್ಲ, ರಾಜಕೀಯವೂ ಆಗುತ್ತದೆ. 1930ರಲ್ಲಿ ಇಥಿಯೋಪಿಯಾದ ಚಕ್ರವರ್ತಿಯಾದ ಹೈಲೆ ಸೆಲಾಸಿಯನ್ನು ದೈವವೆಂದು ಕಂಡ ರಾಸ್ತಾಫಾರಿಗಳಿಗೆ ಬೈಬಲಿನ ಬಾಬಿಲೋನ್ ಎಂದರೆ ತಮ್ಮನ್ನು ತುಳಿದ ಬಿಳಿಯರ ವ್ಯವಸ್ಥೆ. ಸೆರೆಯಾಗಿ ಬಾಬಿಲೋನಿಗೆ ಹೋದ ಯೆಹೂದ್ಯರ ಅಳಲಾದ 137ನೆಯ ಕೀರ್ತನೆಯನ್ನು ‘ಮೆಲೋಡಿಯನ್ಸ್’ ತಂಡ 1970ರಲ್ಲಿ ‘ರಿವರ್ಸ್ ಆಫ್ ಬ್ಯಾಬಿಲನ್’ ಆಗಿಸಿತು. ಅದರಲ್ಲಿ ಸೆಲಾಸಿಯನ್ನು ಸೂಚಿಸುವ ಪದಗಳಿದ್ದವು. 1978ರಲ್ಲಿ ‘ಬೋನಿ ಎಂ’ ತಂಡ ಆ ಪದಗಳನ್ನು ತೆಗೆದು, ಸಾಧಾರಣ ಕ್ರೈಸ್ತ ಪದಗಳನ್ನು ಕೂರಿಸಿ, ಡಿಸ್ಕೊ ತಾಳಕ್ಕೆ ಹೊಂದಿಸಿತು. ಯುರೋಪೆಲ್ಲ ಕುಣಿಯಿತು. ಗುಲಾಮರ ವಂಶಸ್ಥರ ನೋವು ಎಲ್ಲಿ ಸೋರಿಹೋಯಿತೆಂದು ಕೇಳಿದವರು ಕಡಿಮೆ.

ಹೆವಿ ಮೆಟಲ್‌ಗೆ ಸೈತಾನನ ಸಂಗೀತವೆಂಬ ಕುಖ್ಯಾತಿ ಇದೆ. ಬ್ಲ್ಯಾಕ್ ಸಬ್ಬತ್ ತಂಡ 1970ರ ಮೊದಲ ಆಲ್ಬಮ್ಮನ್ನು ಮಳೆ, ಗುಡುಗು, ಚರ್ಚಿನ ಗಂಟೆಯ ಸದ್ದಿನಿಂದಲೇ ಶುರುಮಾಡಿತು. ಆದರೆ ಕ್ಯಾಥೊಲಿಕ್ ಮನೆಯಲ್ಲಿ ಬೆಳೆದ ಗೀಜರ್ ಬಟ್ಲರ್ ಅದೇ ತಂಡಕ್ಕೆ ಬರೆದ, 1971ರ ‘ಆಫ್ಟರ್ ಫಾರೆವರ್’ ನೇರವಾಗಿ ದೇವರ ಪರ ವಾದಿಸುವ ಹಾಡು. ಸೈತಾನನಿಗೆ ಹೆದರಬೇಕಾದರೂ ದೇವರ ಮೇಲೆ ನಂಬಿಕೆ ಬೇಕಲ್ಲ!

ರ್‍ಯಾಪ್ ಹೆಚ್ಚು ವಾಚಾಳಿ. ಕಾನ್ಯೆ ವೆಸ್ಟ್ 2004ರ ‘ಜೀಸಸ್ ವಾಕ್ಸ್’ನಲ್ಲಿ, ಬಂದೂಕು, ಕಾಮ, ಸುಳ್ಳುಗಳಿಗೆ ಜಾಗ ಕೊಡುವ ರೇಡಿಯೊ ದೇವರ ಹಾಡಿಗೆ ಕೊಡುವುದಿಲ್ಲ ಎಂದು ದೂರಿದ. ದೂರಿದ ಹಾಡನ್ನೇ ರೇಡಿಯೊಗಳು ಬಿತ್ತರಿಸಿದವು, ಗ್ರ್ಯಾಮಿ ಪ್ರಶಸ್ತಿಯೂ ಸಿಕ್ಕಿತು. ಅದರ ಹಿಂದೆ ಮೊಳಗುವ ಗಾಸ್ಪೆಲ್ ದನಿ, ಮಾದಕ ವ್ಯಸನದಿಂದ ಹೊರಬರುವವರಿಗಾಗಿ ನಡೆಯುವ ನ್ಯೂಯಾರ್ಕಿನ ಹಾರ್ಲೆಮ್ ಕೇಂದ್ರವೊಂದರ ಗಾಯಕವೃಂದದ್ದು. ಹಾಡಿನ ಬಹುಪಾಲು ಕಸುವು ಅಲ್ಲೇ ಇದೆ.

ಕನ್ನಡದಲ್ಲಿ ದೇವರ ಹಾಡನ್ನು ಜನಪ್ರಿಯ ಸಂಗೀತಕ್ಕೆ ತರುವ ಕೆಲಸ ತತ್ವಪದಗಳ ಮೂಲಕ ನಡೆದಿದೆ. ಗೋವಿಂದ ಭಟ್ಟರ ಶಿಷ್ಯರಾದ ಶಿಶುನಾಳ ಶರೀಫರ ಪದಗಳನ್ನು ಸಿ. ಅಶ್ವಥ್ ಸುಗಮ ಸಂಗೀತದ ವೇದಿಕೆಗೂ, 1990ರಲ್ಲಿ ನಾಗಾಭರಣರ ‘ಸಂತ ಶಿಶುನಾಳ ಶರೀಫ’ ಚಿತ್ರಕ್ಕೂ ತಂದರು. ಮುಂದೆ ರಘು ದೀಕ್ಷಿತ್ ಶರೀಫರದೇ ಗುಡುಗುಡಿಯ ಪದವನ್ನು ಗಿಟಾರು, ಡ್ರಮ್ಮುಗಳೊಂದಿಗೆ ರಾಕ್ ವೇದಿಕೆಗೆ ಏರಿಸಿ ದೇಶ ವಿದೇಶ ಸುತ್ತಿಸಿದರು. ಪದ ಹಳೆಯದೇ ಉಳಿಯಿತು. ದೇವರನ್ನು ತೆಗೆದು ಪ್ರಿಯತಮೆಯನ್ನು ಕೂರಿಸುವ ಅಗತ್ಯ ಇಲ್ಲಿ ಬೀಳಲಿಲ್ಲ. ಹುಕ್ಕಾ ಸೇದುವ ಮಾತಿನೊಳಗೆ ದೇಹ, ಮನಸ್ಸುಗಳ ಶುದ್ಧಿಯನ್ನು ಶರೀಫರೇ ಅಡಗಿಸಿಟ್ಟಿದ್ದರು.