ಹೆಣ್ಣು ಮರಿಗೊಂದು ಹೆಸರು

ನಾಯಿಗೆ ಹೆಸರಿಡುವುದು ಒಂದು ಭಾಷಣಕ್ಕೆ ತಕ್ಕ ವಿಷಯವೇ ಎಂದು ತಾವು ಕೇಳಬಹುದು. ಹೆಸರಿಲ್ಲದ ನಾಯಿ ಬೀದಿಯದು, ಹೆಸರುಳ್ಳದ್ದು ಮನೆಯದು. ಆದುದರಿಂದ ವಿಷಯ ಅಷ್ಟು ಹಗುರವಲ್ಲ. ಅದರಲ್ಲಿಯೂ ಹೆಣ್ಣು ಮರಿಯ ಪಾಡೇ ಬೇರೆ. ಮುಂದೆ ಈಯುತ್ತದೆ, ಮರಿಗಳನ್ನು ಸಾಕುವವರು ಯಾರು ಎಂದು ಅದನ್ನು ಚೀಲದಲ್ಲಿ ತುಂಬಿ ಊರಾಚೆ ಬಿಟ್ಟು ಬರುವವರುಂಟು. ಸಾಲದೆಂಬಂತೆ ‘ನಾಯಿ’ ಎಂಬ ಮಾತೇ ನಮ್ಮಲ್ಲಿ ಬೈಗುಳ. ಹೆಂಗಸಿಗೆ ಅಂದಾಗ ಅದು ಇನ್ನಷ್ಟು ಕ್ರೂರ. ಇಂಥ ಪ್ರಾಣಿಗೆ ಇಡುವ ಹೆಸರು ಅದಕ್ಕೂ ಮರ್ಯಾದೆ ತರಬೇಕು, ಯಾವ ಹೆಣ್ಣಿಗೂ ಅವಮಾನ ತರಬಾರದು.

ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾಗಳ ನನ್ನ ಸ್ನೇಹಿತರು ಇಂಥ ಹೆಸರನ್ನು ಸಾಹಿತ್ಯದಿಂದಲೇ ಆರಿಸಿಕೊಡಿ ಎಂದು ಕೇಳುವುದುಂಟು. ಕೇಳುವುದು ಸಹಜವೇ. ತಿರುಳ್ಗನ್ನಡದ ನಾಡನ್ನು ಗುರುತಿಸುವಾಗ ಒಂಬತ್ತನೆಯ ಶತಮಾನದ ಕವಿರಾಜಮಾರ್ಗ ಹೆಸರಿಸಿದ ಕೊಪಣವೇ ಇಂದಿನ ಕೊಪ್ಪಳ. ಅಂದಿನ ಯಲಬುರ್ಗಾ ತಾಲ್ಲೂಕಿನ ದ್ಯಾಂಪುರ ‘ಕಾವ್ಯಾನಂದ’ ಸಿದ್ಧಯ್ಯ ಪುರಾಣಿಕರ ಹುಟ್ಟೂರು. ಮೈಬಣ್ಣ ನೋಡಿ ಕೆಂಪಿ, ಕರಿಯ ಎನ್ನುವುದು ಹಳ್ಳಿಯ ವಾಡಿಕೆ. ಓದಿದವರಿಗೆ ಅಷ್ಟರಿಂದ ತೃಪ್ತಿಯಿಲ್ಲ.

ಮೊದಲು ನೆನಪಾಗುವುದು ರಾಮಾಯಣ. ಗಂಗಾವತಿಯ ಸಮೀಪದ ಆನೆಗೊಂದಿ ಪ್ರದೇಶವೇ ಕಿಷ್ಕಿಂಧೆಯೆಂದು ಪ್ರತೀತಿ. ತಾರಾ, ಅಂಜನಾ, ಶಬರಿ ಎಲ್ಲರೂ ಅಲ್ಲಿಯವರೇ. ಆದರೆ ಆ ಹೆಸರಿನ ಹೆಣ್ಣುಮಕ್ಕಳು ನಮ್ಮ ಓಣಿಗಳಲ್ಲಿದ್ದಾರೆ. ಸಂಜೆ ಬಾಗಿಲಲ್ಲಿ ನಿಂತು ನಾಯಿಯನ್ನು ಕೂಗಿದಾಗ ಎದುರುಮನೆಯ ಅಕ್ಕ ತಲೆಯೆತ್ತಿ ನೋಡುವಂತಾಗಬಾರದು.

ಇನ್ನು ಶಾಸನಗಳತ್ತ ತಿರುಗೋಣ. ಮಂಡ್ಯ ಜಿಲ್ಲೆಯ ಆತಕೂರಿನ ಕಲ್ಲು ಶಕ ೮೭೨ರದು, ಎಂದರೆ ಕ್ರಿ.ಶ. ೯೪೯-೫೦. ತಕ್ಕೋಲದ ಯುದ್ಧದಲ್ಲಿ ಪರಾಕ್ರಮ ಮೆರೆದ ಮಣಲೆರ ತನ್ನ ಒಡೆಯನಾದ ಗಂಗ ಬೂತುಗನಿಂದ ಬೇಡಿ ಪಡೆದದ್ದು ಕಾಳಿ ಎಂಬ ಬೇಟೆನಾಯಿಯನ್ನು. ಅದು ಕಾಡುಹಂದಿಯೊಡನೆ ಹೋರಾಡಿತು; ಎರಡೂ ಸತ್ತವು. ನಾಯಿಯ ನೆನಪಿಗೆ ಕಲ್ಲು ನಿಲ್ಲಿಸಿ, ಪೂಜೆಗೆ ಭೂಮಿ ಬಿಟ್ಟರು. ಕನ್ನಡದಲ್ಲಿ ನಾಯಿಗೆ ಸಂದ ಗೌರವಗಳಲ್ಲಿ ಇದಕ್ಕೆ ಸಮನಾದುದು ವಿರಳ. ಆದರೂ ಕಾಳಿ ಇಂದು ದೇವಿಯ ಹೆಸರು. ಮನೆಮನೆಯ ಕಾಳಮ್ಮನ ಹೆಸರು. ಓಣಿಯಲ್ಲಿ ಅದು ಒಗ್ಗದು. ಕುವೆಂಪು ಅವರ ‘ಮಲೆಗಳಲ್ಲಿ ಮದುಮಗಳು’ (೧೯೬೭) ಕಾದಂಬರಿಯ ಹುಲಿಯ ಅಮರವಾದ ನಾಯಿ. ಅದರಿಂದಾಗಿಯೇ ಅದರ ಒಡೆಯ ನಾಯಿಗುತ್ತಿ ಎನಿಸಿಕೊಂಡ. ಆದರೆ ಅದು ಗಂಡು ಹೆಸರು.

ಉಳಿಯುವುದು ಸರಮಾ. ಋಗ್ವೇದದ ಹತ್ತನೆಯ ಮಂಡಲದ ೧೦೮ನೆಯ ಸೂಕ್ತದಲ್ಲಿ ಆಕೆ ಇಂದ್ರನ ದೂತಿ. ಪಣಿಗಳು ಬಚ್ಚಿಟ್ಟ ಹಸುಗಳನ್ನು ಅರಸಿ ರಸಾ ನದಿಯನ್ನು ದಾಟಿ ಹೋಗುತ್ತಾಳೆ. ತಂಗಿಯಾಗಿ ನಮ್ಮಲ್ಲೇ ಇರು, ಹಸುಗಳಲ್ಲಿ ಪಾಲು ಕೊಡುತ್ತೇವೆ ಎಂದು ಅವರು ಆಸೆ ತೋರಿಸಿದರೂ ಒಪ್ಪುವುದಿಲ್ಲ. ಮಹಾಭಾರತದ ಆದಿಪರ್ವದಲ್ಲಿ ಜನಮೇಜಯನ ತಮ್ಮಂದಿರು ಯಜ್ಞಶಾಲೆಗೆ ಬಂದ ಅವಳ ಮಗನನ್ನು ಹೊಡೆಯುತ್ತಾರೆ. ಹವಿಸ್ಸನ್ನು ಮುಟ್ಟದ, ಕಣ್ಣೆತ್ತಿಯೂ ನೋಡದ ಮಗುವನ್ನು ಏಕೆ ಹೊಡೆದಿರಿ ಎಂದು ತಾಯಿ ಅರಸನೆದುರೇ ನಿಂತು ಕೇಳುತ್ತಾಳೆ. ಉತ್ತರ ಬಾರದಿದ್ದಾಗ, ಕಾಣದ ಭಯವೊಂದು ನಿಮ್ಮನ್ನು ಮುಟ್ಟಲಿ ಎಂದು ಶಪಿಸುತ್ತಾಳೆ. ಮಹಾಕಾವ್ಯದ ಕೊನೆಯಲ್ಲಿ ಧರ್ಮರಾಯ ಬಿಟ್ಟು ಸ್ವರ್ಗಕ್ಕೆ ಹೋಗಲೊಲ್ಲದ ನಾಯಿ ಎಲ್ಲರಿಗೂ ಗೊತ್ತು. ಆರಂಭದಲ್ಲಿ ನ್ಯಾಯ ಕೇಳಿದ ಈ ತಾಯಿಯನ್ನು ನೆನೆಯುವವರು ಕಡಿಮೆ.

ನಾಯಿಗೆ ‘ಸಾರಮೇಯ’ ಎಂಬ ಹೆಸರು ಬಂದುದೂ ಅವಳಿಂದಲೇ. ಇಡೀ ಕುಲಕ್ಕೆ ತಾಯಿಯ ಹೆಸರು! ಲಂಕೆಯಲ್ಲಿ ಸೀತೆಯನ್ನು ಸಂತೈಸಿದವಳ ಹೆಸರೂ ಸರಮಾ ಆದುದರಿಂದ ಇದರಲ್ಲಿ ಹೀನಾಯದ ಸೋಂಕಿಲ್ಲ. ನಮ್ಮ ಕಡೆ ಹೆಂಗಸರಿಗೆ ಈ ಹೆಸರಿಡುವ ರೂಢಿಯೂ ಇಲ್ಲ. ಕೊನೆಯ ದೀರ್ಘಸ್ವರ ಹೊಲದಾಚೆಗೂ ಕೇಳಿಸೀತು.

ಹೆಸರಿಟ್ಟರಷ್ಟೇ ಸಾಲದು. ಹುಚ್ಚುನಾಯಿ ರೋಗದ ಲಸಿಕೆ ಹಾಕಿಸಬೇಕು; ಮರಿಗಳು ಬೇಡವಾದರೆ ಪಶುವೈದ್ಯರಿಂದ ಸಂತಾನಹರಣ ಚಿಕಿತ್ಸೆ ಮಾಡಿಸಬೇಕು. ಚೀಲ ಹಿಡಿದು ಊರಾಚೆ ಹೋಗುವವನಿಗೆ ಸರಮೆಯ ಹೆಸರನ್ನು ಬಳಸುವ ಹಕ್ಕಿಲ್ಲ.