ಯುಕ್ತಿಗೆ ಅಳತೆಗೋಲು ಯಾವುದು?

ಭತ್ತವನ್ನು ಸೇರಿನಿಂದ ಅಳೆಯಬಹುದು, ಬಟ್ಟೆಯನ್ನು ಗಜದಿಂದ ಅಳೆಯಬಹುದು. ಆದರೆ ಒಂದು ನಾಡಿನ ಜನರ ಯುಕ್ತಿಯನ್ನು, ಅವರ ಉದ್ಯಮಗಳಲ್ಲಿ ಹುಟ್ಟುವ ಹೊಸತನವನ್ನು ಅಳೆಯುವ ಬಗೆ ಹೇಗೆ? ಅರ್ಥಶಾಸ್ತ್ರಜ್ಞರು ಇದಕ್ಕೆ ಬಹುಕಾಲದಿಂದ ಪೇಟೆಂಟುಗಳ ಸಂಖ್ಯೆಯನ್ನು ಬಳಸುತ್ತ ಬಂದಿದ್ದಾರೆ. ಈಚೆಗೆ ಟ್ರೇಡ್‌ಮಾರ್ಕು, ಎಂದರೆ ವ್ಯಾಪಾರಮುದ್ರೆಗಳನ್ನೂ ಎಣಿಸತೊಡಗಿದ್ದಾರೆ. ಈ ಎರಡು ಲೆಕ್ಕಗಳು ಏನನ್ನು ಹೇಳುತ್ತವೆ, ಏನನ್ನು ಬಿಟ್ಟುಬಿಡುತ್ತವೆ ಎಂಬುದನ್ನು ನಮ್ಮೂರಿನ ನಿದರ್ಶನಗಳಿಂದ ವಿವರಿಸುವುದೇ ಈ ಲೇಖನದ ಉದ್ದೇಶ.

ಮೊದಲು ಎರಡರ ಭೇದವನ್ನು ತಿಳಿಯೋಣ. ಪೇಟೆಂಟ್ ಎಂಬುದು ಸರಕಾರಕ್ಕೂ ಸಂಶೋಧಕನಿಗೂ ನಡುವೆ ನಡೆಯುವ ಒಂದು ಒಪ್ಪಂದ. ಸಂಶೋಧಕನು ತನ್ನ ಗುಟ್ಟನ್ನು ಬಿಚ್ಚಿ ಬರೆದುಕೊಡಬೇಕು. ಅದಕ್ಕೆ ಪ್ರತಿಯಾಗಿ ಆತನಿಗೆ 20 ವರ್ಷಗಳ ಏಕಸ್ವಾಮ್ಯ ದೊರೆಯುತ್ತದೆ. ಅವಧಿ ಮುಗಿದ ಮೇಲೆ ಆ ಯುಕ್ತಿ ಎಲ್ಲರ ಸ್ವತ್ತು. ಟ್ರೇಡ್‌ಮಾರ್ಕಾದರೋ ಯುಕ್ತಿಯನ್ನಲ್ಲ, ಹೆಸರನ್ನು ಕಾಯುತ್ತದೆ. 1999ರ ಕಾಯಿದೆಯ ಪ್ರಕಾರ ಅದರ ನೋಂದಣಿ 10 ವರ್ಷಗಳಿಗೆ. ಆದರೆ ಮತ್ತೆ ಮತ್ತೆ ನವೀಕರಿಸುತ್ತ ಹೋಗಬಹುದು. ಹೊಸದನ್ನು ಕಂಡುಹಿಡಿದವನಿಗೆ ಮೊದಲನೆಯದು, ಕೊಟ್ಟ ಮಾತನ್ನು ಉಳಿಸಿಕೊಂಡವನಿಗೆ ಎರಡನೆಯದು ಎನ್ನಬಹುದು.

ಪೇಟೆಂಟುಗಳ ಎಣಿಕೆ ಎಷ್ಟರಮಟ್ಟಿಗೆ ನಂಬಲರ್ಹ? ಪೆಟ್ರಾ ಮೋಸರ್ ಎಂಬ ಅರ್ಥಶಾಸ್ತ್ರಜ್ಞೆ ಇದನ್ನು ಬಹು ಜಾಣತನದಿಂದ ಪರೀಕ್ಷಿಸಿದ್ದಾರೆ. 1851ರಲ್ಲಿ ಲಂಡನ್ನಿನ ಕ್ರಿಸ್ಟಲ್ ಪ್ಯಾಲೆಸ್ಸಿನಲ್ಲಿ ನಡೆದ ಮಹಾಪ್ರದರ್ಶನದ ವಸ್ತುಪಟ್ಟಿಯನ್ನು ಅವರು ಪೇಟೆಂಟು ದಾಖಲೆಗಳೊಡನೆ ಹೋಲಿಸಿ ನೋಡಿದರು. ಬ್ರಿಟನ್ನಿನವರು ತಂದಿಟ್ಟ ವಸ್ತುಗಳಲ್ಲಿ ಪೇಟೆಂಟು ಪಡೆದಿದ್ದವು ನೂರಕ್ಕೆ ಸುಮಾರು ಹನ್ನೊಂದು ಮಾತ್ರ! ಉಳಿದವುಗಳಲ್ಲಿ ಹೊಸತನ ಇರಲಿಲ್ಲವೆಂದಲ್ಲ. ಅದು ಸರಕಾರದ ಪುಸ್ತಕಕ್ಕೆ ಏರಿರಲಿಲ್ಲ, ಅಷ್ಟೆ.

ಈ ಕೊರತೆಯನ್ನು ತುಂಬಲು 2004ರಲ್ಲಿ ಪೋರ್ಚುಗಲ್ಲಿನ ಮೆಂಡೋನ್ಸಾ, ಪೆರೇರಾ, ಗೊಡಿನ್ಹೊ ಎಂಬ ಮೂವರು ವಿದ್ವಾಂಸರು ಟ್ರೇಡ್‌ಮಾರ್ಕುಗಳನ್ನೂ ಹೊಸತನದ ಸೂಚಿಯಾಗಿ ಬಳಸಬಹುದೆಂದು ತೋರಿಸಿದರು. ಹೋಟೆಲು, ಬ್ಯಾಂಕು ಮೊದಲಾದ ಸೇವಾ ಉದ್ಯಮಗಳಿಗೆ ಪೇಟೆಂಟು ಸಿಗುವುದು ಅಪರೂಪ. ಆದರೆ ಹೆಸರು ಎಲ್ಲರಿಗೂ ಬೇಕು. ಸಣ್ಣ ಉದ್ಯಮಗಳ ಮಾತೂ ಹಾಗೆಯೇ.

ಆದರೆ ಹೆಸರಿನ ಒಡೆತನವೆಂಬುದು ಅಷ್ಟು ಸರಳವಾದ ವಿಷಯವಲ್ಲ. ನಾನು ವಾಸಿಸುವ ತಿಲಕ್ ನಗರದಿಂದ ಡೈರಿ ವೃತ್ತ ಬಹಳ ದೂರವೇನಿಲ್ಲ. ಅಲ್ಲಿ ಕಚೇರಿಯುಳ್ಳ ಕರ್ನಾಟಕ ಹಾಲು ಮಹಾಮಂಡಳವು 1985ರಿಂದ ‘ನಂದಿನಿ’ ಎಂಬ ಹೆಸರಿನಲ್ಲಿ ಹಾಲು ಮಾರುತ್ತಿದೆ. ಇದೇ ಬೆಂಗಳೂರಿನಲ್ಲಿ 1989ರಿಂದ ‘ನಂದಿನಿ ಡೀಲಕ್ಸ್’ ಎಂಬ ಹೋಟೆಲು ನಡೆಯುತ್ತಿತ್ತು. ಹೋಟೆಲಿನವರು ತಮ್ಮ ಹೆಸರನ್ನು ನೋಂದಾಯಿಸಹೊರಟಾಗ ಮಹಾಮಂಡಳವು ಆಕ್ಷೇಪಿಸಿತು. ರಿಜಿಸ್ಟ್ರಾರರು ಹೋಟೆಲಿನ ಪರ. ಮೇಲ್ಮನವಿ ಮಂಡಳಿ ಮತ್ತು ಹೈಕೋರ್ಟು ಮಹಾಮಂಡಳದ ಪರ. ಕೊನೆಗೆ 2018ರ ಜುಲೈ 26ರಂದು ಸುಪ್ರೀಂ ಕೋರ್ಟು ಹೋಟೆಲಿನವರ ವಾದವನ್ನು ಎತ್ತಿಹಿಡಿಯಿತು. ನಂದಿನಿ ಎಂಬುದು ಪುರಾಣದ ಗೋವಿನ ಹೆಸರು, ಯಾರೊಬ್ಬರೂ ಕಟ್ಟಿದ ಹೊಸ ಪದವಲ್ಲ. ಒಬ್ಬರ ಮುದ್ರೆಯಲ್ಲಿ ಹಸು, ಇನ್ನೊಬ್ಬರದರಲ್ಲಿ ದೀಪ. ಸರಕುಗಳೂ ಬೇರೆ ಬೇರೆ ಎಂಬುದು ನ್ಯಾಯಾಲಯದ ಅಭಿಪ್ರಾಯ. ಆದರೆ ಹಾಲು ಮತ್ತು ಹಾಲಿನ ಪದಾರ್ಥಗಳಿಗೆ ಹೋಟೆಲಿನವರ ಹಕ್ಕು ಸಲ್ಲದು ಎಂಬ ಕಟ್ಟನ್ನೂ ಹಾಕಿತು. ಕಾನೂನು ಕಾಯುವುದು ಬರಿಯ ಶಬ್ದವನ್ನಲ್ಲ. ಆ ಶಬ್ದವನ್ನು ನೋಡಿ ಕೊಳ್ಳುವ ಗಿರಾಕಿ ಮೋಸಹೋಗಬಾರದೆಂಬ ನಂಬಿಕೆಯನ್ನು ಎಂಬುದು ಇದರಿಂದ ಸ್ಪಷ್ಟವಾಗುತ್ತದೆ.

ಇನ್ನು ಎರಡು ಪುಸ್ತಕಗಳಲ್ಲಿಯೂ ಕಾಣದ ಜನರ ಮಾತು. ನನ್ನ ತಾಯಿಯವರು ಮನೆಯಲ್ಲಿ ಊದುಬತ್ತಿ ಹೊಸೆಯುತ್ತಾರೆ. ಇದ್ದಿಲುಪುಡಿಯ ಹಿಟ್ಟಿಗೆ ಮಳೆಗಾಲದಲ್ಲಿ ನೀರೆಷ್ಟು, ಬೇಸಗೆಯಲ್ಲೆಷ್ಟು ಎಂಬುದು ಅವರ ಬೆರಳಿಗೆ ಗೊತ್ತು. ಆ ಕಡ್ಡಿಗಳು ಸಾವಿರದ ಲೆಕ್ಕದಲ್ಲಿ ಮನೆಯಿಂದ ಹೊರಡುತ್ತವೆ. ಅನಂತರ ಸುಗಂಧ ಹತ್ತಿ, ಬಣ್ಣದ ಪೊಟ್ಟಣ ಸೇರಿ, ಅದರ ಮೇಲೆ ಬೇರೊಬ್ಬರ ಹೆಸರು ಕೂರುತ್ತದೆ. ಹೆಚ್ಚಿದ ಬೆಲೆಯಲ್ಲಿ ದೊಡ್ಡ ಪಾಲು ಹೆಸರಿನದು. ಕೂಲಿ ಮಾತ್ರ ಬೆರಳಿನದು. ಹೆಸರಿಟ್ಟವರು ಅನ್ಯಾಯ ಮಾಡಿದರೆಂದು ನಾನು ಹೇಳುತ್ತಿಲ್ಲ. ಹೆಸರನ್ನು ಬೆಳೆಸುವುದಕ್ಕೂ ಬಂಡವಾಳ ಬೇಕು, ಶ್ರಮ ಬೇಕು. ಆದರೆ ಅಳತೆಗೋಲು ತಾಗದ ಕಡೆ ಯುಕ್ತಿಯೇ ಇಲ್ಲವೆಂದು ತೀರ್ಮಾನಿಸಬಾರದೆಂಬುದಷ್ಟೇ ನನ್ನ ವಿನಂತಿ.

ಹಾಗೆಂದು ಬರಿಯ ನಿಟ್ಟುಸಿರಿನಿಂದ ಪ್ರಯೋಜನವಿಲ್ಲ. ಪೇಟೆಂಟು ನಮ್ಮಂಥವರಿಗೆ ದೂರದ ಬೆಟ್ಟವಾದರೂ ಮುದ್ರೆ ಹಾಗಲ್ಲ. 2017ರ ನಿಯಮಗಳ ಪ್ರಕಾರ ವ್ಯಕ್ತಿಗಳಿಗೂ ಸಣ್ಣ ಉದ್ಯಮಗಳಿಗೂ ಒಂದು ವರ್ಗದ ಸರಕಿಗೆ ಅಂತರ್ಜಾಲದ ಮೂಲಕ ಸಲ್ಲಿಸುವ ಅರ್ಜಿಯ ಶುಲ್ಕ 4,500 ರೂಪಾಯಿ. ದೊಡ್ಡವರಿಗೆ ಅದರ ಎರಡರಷ್ಟು. ಹತ್ತು ಮನೆಯ ಹೆಂಗಸರು ಸಂಘ ಕಟ್ಟಿಕೊಂಡರೆ ಒಂದು ಮನೆಗೆ 450 ರೂಪಾಯಿ ಬೀಳುತ್ತದೆ. ರೈತರ ಹಾಲಿಗೆ ಸಹಕಾರದಿಂದ ಒಂದು ಹೆಸರು ದೊರಕಿರುವಾಗ ಊದುಬತ್ತಿಗೆ ಏಕೆ ದೊರಕಬಾರದು? ಅರ್ಜಿ ಬರೆದುಕೊಡುವಷ್ಟು ಅಕ್ಷರ ನಮಗೆ ಈ ಕಾಲೇಜಿನಲ್ಲಿ ಒದಗಿದೆ. ಪದವಿ ಪಡೆದು ಹೊರಡುವ ನಾವು ನಮ್ಮ ನಮ್ಮ ಕೇರಿಗಳಿಗೆ ಮಾಡಬಹುದಾದ ಸೇವೆಗಳಲ್ಲಿ ಇದೂ ಒಂದಲ್ಲವೆ?